ಟ್ರೂಸಮ್ಮನ ಆಗಸ್ಟ್ ಪುಟ

ಹೊರದೇಶಕ್ಕೆ ಓದಲು ಹೊರಟವರಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಎಷ್ಟು ಸ್ವೆಟರು, ಎಷ್ಟು ಉಪ್ಪಿನಕಾಯಿ, ವೀಸಾ ಕಚೇರಿಯಲ್ಲಿ ಎಷ್ಟು ಬಾಯಿ ಬಿಡಬೇಕು, ಎಲ್ಲವನ್ನೂ ಹೇಳಿಕೊಡುತ್ತಾರೆ. ವಾಪಸ್ ಹೊರಡುವುದು ಹೇಗೆ ಎಂದು ಮಾತ್ರ ಒಬ್ಬರೂ ಹೇಳುವುದಿಲ್ಲ. ಟಿಕೆಟು ಇದ್ದರೆ ಆಯಿತು, ಹತ್ತಿ ಕೂರುವುದು ತಾನೇ ಎಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಲೆಕ್ಕ ತಪ್ಪಾಗಿ ಅನುಭವಿಸಿದವಳಾದ್ದರಿಂದ ಮುಂದೆ ಹೋಗುವವರಿಗೆ ಒಂದೆರಡು ಮಾತು ಹೇಳುವ ಹಕ್ಕು ನನಗಿದೆ.

ನನ್ನ ಊರು ಮದ್ದೂರು. ಹದಿನೇಳನೇ ವಯಸ್ಸಿನಿಂದ ಎಳನೀರು ಮಾರುಕಟ್ಟೆಯಲ್ಲಿ ನಿಂತು, ರೈತರಿಂದ ಕಾಯಿ ಕೊಂಡು ಲಾರಿಯವರಿಗೆ ಮಾರಿ, ಆಮೇಲೆ ಮಂಡ್ಯದ ಬಸ್ಸು ಹತ್ತಿ ಕಾಲೇಜಿಗೆ ಹೋದವಳು ನಾನು. ಫೀಸು ನಾನೇ ಕಟ್ಟಿಕೊಂಡೆ. ಕೃಷಿಯಲ್ಲಿ ಎಂ.ಎಸ್ಸಿ. ಮಾಡುವಾಗ ಒಂದು ಸೆಮಿಸ್ಟರ್ ನೆದರ್‌ಲೆಂಡ್ಸಿನಲ್ಲಿ ಓದುವ ಅವಕಾಶ ಬಂತು. ಅಲ್ಲಿ ಒಂದು ಸಣ್ಣ ಊರು. ಸುತ್ತ ಚಪ್ಪಟೆ ಹೊಲ, ಹೊಲದಲ್ಲಿ ಸಕ್ಕರೆ ಗೆಡ್ಡೆ. ಕಬ್ಬಿಲ್ಲದೆ ಸಕ್ಕರೆ ಮಾಡುವ ಜನ ಅವರು! ನಮ್ಮ ಮಂಡ್ಯದವರಿಗೆ ಇದನ್ನು ಹೇಳಿದರೆ ಸುಳ್ಳು ಹೇಳುತ್ತಿದ್ದಾಳೆ ಅನ್ನುತ್ತಾರೆ.

ಮನೆಯ ಒಡತಿಯ ಹೆಸರು ಟ್ರೂಸ್. ಎಪ್ಪತ್ತೆಂಟರ ಒಂಟಿ ಹೆಂಗಸು, ಬೆಳ್ಳಿ ಕೂದಲು, ಬಿದಿರಿನಂಥ ಬೆನ್ನು. ಹೆಸರು ಹಿಡಿದೇ ಕರೆಯಬೇಕೆಂದು ಅವರ ಹಟ. ಅಜ್ಜಿಯ ವಯಸ್ಸಿನವರನ್ನು ಬರೀ ಹೆಸರಿನಲ್ಲಿ ಕರೆಯಲು ನನ್ನ ನಾಲಿಗೆ ಒಪ್ಪಲಿಲ್ಲ. ಮೂರನೇ ದಿನಕ್ಕೆ 'ಟ್ರೂಸಮ್ಮ' ಎಂದು ರಾಜಿ ಮಾಡಿಕೊಂಡೆ. 'ಅಮ್ಮ' ಎಂದರೇನು ಎಂದು ಕೇಳಿದರು, ಹೇಳಿದೆ. ಎದ್ದು ಹೋಗಿ ಗಿಡಕ್ಕೆ ನೀರು ಹಾಕಿದರು. ಬೇಡ ಅನ್ನಲಿಲ್ಲ.

ಕೋಣೆಯ ಮಾತುಕತೆಯನ್ನು ಮದ್ದೂರಿನಿಂದಲೇ ವಿಡಿಯೋ ಕರೆಯಲ್ಲಿ, ಇಬ್ಬರಿಗೂ ಬರುವ ಇಂಗ್ಲಿಷಿನಲ್ಲಿ ಮುಗಿಸಿದ್ದೆ. ಅವರು ಹೇಳಿದ ಬಾಡಿಗೆಗೆ ನಾನು ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದೆ. ಇಷ್ಟು ವರ್ಷ ಯಾರೂ ಹೀಗೆ ತಲೆ ಅಲ್ಲಾಡಿಸಿರಲಿಲ್ಲವಂತೆ. ಕೊನೆಗೆ ಅವರು ಸ್ವಲ್ಪ ಇಳಿದರು, ನಾನು ಒಂದಿಷ್ಟು ಕೆಲಸ ಒಪ್ಪಿಕೊಂಡೆ. ಹಿತ್ತಲಿನ ಕಳೆ ಕೀಳುವುದು, ಮಂಗಳವಾರ ಕಸದ ಡಬ್ಬಿ ಬೀದಿಗೆ ಎಳೆಯುವುದು. ಟಾಯ್ಲೆಟ್ ತೊಳೆಯುವುದು ಮಾತ್ರ ಇದರಲ್ಲಿ ಸೇರಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಬಾಯಿಮಾತು ಸಾಲದು ಎಂದು ಮೆಸೇಜಿನಲ್ಲೂ ಬರೆಸಿಕೊಂಡೆ. ಮುಂದೆ ಹೋಗುವವರು ನೀವೂ ಬರೆಸಿಕೊಳ್ಳಿ. ಆದರೆ ಬರೆಸಿಕೊಂಡೆವಲ್ಲ ಎಂದು ಮೆರೆಯಬೇಡಿ. ನನ್ನ ಅನಾಹುತ ಅಲ್ಲಿಂದಲೇ ಶುರುವಾಯಿತು.

ಇನ್ನು ಹತ್ತೊಂಬತ್ತು ದಿನ

ಪರೀಕ್ಷೆ ಮುಗಿದಿತ್ತು, ಒಂದು ವರದಿ ಒಪ್ಪಿಸುವುದು ಬಾಕಿ. ಸೆಮಿಸ್ಟರ್ ಕೊನೆಯ ದಿನಗಳು ವಿಚಿತ್ರ. ಮೊದಲ ತಿಂಗಳಲ್ಲಿ ಯಾವಾಗ ಮುಗಿಯುತ್ತದೋ ಎಂದು ಎಣಿಸಿದ ದಿನಗಳನ್ನೇ, ಇಷ್ಟು ಬೇಗ ಮುಗಿಯಿತೇ ಎಂದು ಮತ್ತೆ ಎಣಿಸುತ್ತಾ ಕೂರುವುದು.

ಟ್ರೂಸಮ್ಮನ ಮನೆಯ ಟಾಯ್ಲೆಟ್ಟಿನ ಗೋಡೆಗೆ ಒಂದು ಕ್ಯಾಲೆಂಡರ್ ಇತ್ತು. ತಿಂಗಳಿಗೊಂದು ಪುಟ, ಪುಟಕ್ಕೊಂದು ಹಕ್ಕಿಯ ಚಿತ್ರ. ಅದರಲ್ಲಿ ವಾರಗಳಿಲ್ಲ, ಇಸವಿಯೂ ಇಲ್ಲ. ಬರೀ ತಾರೀಕು, ಕೆಲವು ತಾರೀಕಿನ ಮುಂದೆ ಒಂದೊಂದು ಹೆಸರು. ಪರೀಕ್ಷೆಯ ದಿನಗಳಲ್ಲಿ ಮಂಡ್ಯದಲ್ಲಿ ನಾನು ಉಳಿಯುತ್ತಿದ್ದ ಹಾಸ್ಟೆಲಿನ ಬಚ್ಚಲ ಬಾಗಿಲಿಗೂ ಇಂಥದೇ ಪಟ್ಟಿ ಅಂಟಿಸಿರುತ್ತಿದ್ದರು. ಯಾವ ದಿನ ಯಾರು ತೊಳೆಯಬೇಕು ಎಂಬ ಸರದಿ ಪಟ್ಟಿ ಅದು. ಹಾಗಾಗಿ ಬಂದ ದಿನವೇ ಇದೂ ಅದೇ ಎಂದು ನನಗೆ ಗೊತ್ತಾಗಿಹೋಯಿತು. ಮೇಲೆ ಒಂದು ಉದ್ದನೆಯ ಡಚ್ ಪದ ಅಚ್ಚಾಗಿತ್ತು. ಮೊಬೈಲು ಹಿಡಿದಿದ್ದರೆ ಅರ್ಧ ನಿಮಿಷದಲ್ಲಿ ಅರ್ಥ ಸಿಗುತ್ತಿತ್ತು. ಆದರೆ ಗೊತ್ತಿದೆ ಎಂದುಕೊಂಡದ್ದನ್ನು ಯಾರು ತಾನೇ ಹುಡುಕುತ್ತಾರೆ?

ಸಾಕ್ಷಿಗಳೂ ಹಾಗೇ ಕೂಡಿಬಂದವು. ಹೆಸರಿದ್ದ ದಿನ ಬೆಳಗ್ಗೆ ಟ್ರೂಸಮ್ಮ ತಪ್ಪದೆ ಫೋನು ತೆಗೆದುಕೊಂಡು ಯಾರೊಂದಿಗೋ ಜೋರಾಗಿ ಮಾತಾಡುತ್ತಿದ್ದರು. ಸರದಿ ನೆನಪಿಸುತ್ತಿದ್ದಾರೆ ಅಂದುಕೊಂಡೆ. ಕೆಲವು ಸಲ ಫೋನಿನಲ್ಲಿ ಹಾಡು ಬೇರೆ! ಬಾರದವರನ್ನು ಪುಸಲಾಯಿಸುತ್ತಿದ್ದಾರೆ ಅಂದುಕೊಂಡೆ. ಆದರೂ ಒಬ್ಬರೂ ಬರುತ್ತಿರಲಿಲ್ಲ. ಪಾಪ, ಅವರೇ ಕೈಗವಸು ಹಾಕಿಕೊಂಡು ತೊಳೆಯುತ್ತಿದ್ದರು. ಮಾರ್ಚಿನಲ್ಲಿ ಒಂದು ದಿನ 'ಲೇನಾ' ಎಂಬ ಹೆಸರಿತ್ತು. ಆವತ್ತು ಫೋನು ಮಾಡಲಿಲ್ಲ. ಎರಡು ಬಟ್ಟಲು ಕಾಫಿ ಬಸಿದು, ಒಂದನ್ನು ಕುಡಿದು, ಇನ್ನೊಂದನ್ನು ಎದುರಿನ ಕುರ್ಚಿಯ ಮುಂದೆ ಆರಲು ಬಿಟ್ಟರು. ಲೇನಾ ಬರುತ್ತಾಳೆಂದು ಕಾದಿರಬೇಕು, ಅವಳೂ ಕೈಕೊಟ್ಟಳು ಎಂದು ನನಗೇ ಸಿಟ್ಟು ಬಂದಿತ್ತು.

ಆವತ್ತು, ಅಂದರೆ ಹತ್ತೊಂಬತ್ತು ದಿನ ಉಳಿದಾಗ, ಒಳಗೆ ಕೂತು ಜೂನ್ ಪುಟ ಮಗುಚಿದೆ. ಜುಲೈಗೆ ಮಿಂಚುಳ್ಳಿ. ಆಗಸ್ಟಿಗೆ ಬಕ. ಬಕದ ಕೆಳಗಿನ ಪುಟ ಪೂರ್ತಿ ಖಾಲಿ, ಒಂದೇ ಒಂದು ಹೆಸರು ಬಿಟ್ಟು. ಹನ್ನೊಂದನೇ ತಾರೀಕು: ಸವಿತಾ. ನನ್ನ ಹೆಸರು!

ಮೈ ಉರಿದುಹೋಯಿತು. ಜೂನ್ ಕೊನೆಗೆ ಹೊರಡುವವಳನ್ನು ಆಗಸ್ಟಿನಲ್ಲಿ ಟಾಯ್ಲೆಟ್ ತೊಳೆಯಲು ಬರೆದಿದ್ದಾರೆ! ಅದೂ ಆ ಕೆಲಸ ಬೇಡ ಎಂದು ಬರೆಸಿಕೊಂಡವಳನ್ನು! ನಮ್ಮ ಮಾರುಕಟ್ಟೆಯಲ್ಲಿ ಕೆಲವು ಲಾರಿಯವರು ರೇಟು ಕುದುರಿದ ಮೇಲೆ, ಎಣಿಕೆ ಮುಗಿದ ಮೇಲೆ, ನಾವು ಆ ಕಡೆ ತಿರುಗಿದಾಗ ಇನ್ನೊಂದು ಕಾಯಿ ಮೆಲ್ಲಗೆ ಮೇಲೆ ಎಸೆದುಕೊಳ್ಳುತ್ತಾರೆ. ಅದೇ ಕೈಚಳಕ ಇದು ಅನ್ನಿಸಿತು. ಅಲ್ಲಿ ನಾನು ಅಂಥ ಕಾಯಿಯನ್ನು ಎತ್ತಿ ಕೆಳಗಿಟ್ಟು ಬರುವವಳು. ಇಲ್ಲಿ ಜೇಬಿನಿಂದ ಪೆನ್ನು ತೆಗೆದೆ. ನನ್ನ ಹೆಸರಿನ ಮೇಲೆ ಎರಡು ಗೆರೆ ಎಳೆದೆ. ಒತ್ತಿ ಎಳೆದೆ. ಕಾಣಲಿ ಎಂದು ಆ ಪುಟವನ್ನು ಹಾಗೇ ಬಿಟ್ಟು ಹೊರಗೆ ಬಂದಾಗ ಒಳ್ಳೆ ವ್ಯಾಪಾರ ಮಾಡಿದ ಸಮಾಧಾನ.

ಇನ್ನು ಹದಿನೇಳು ದಿನ

ಡಚ್ಚರ ಕಾಫಿಯ ಬಗ್ಗೆ ಹೇಳಬೇಕು. ಬೆಳಗ್ಗೆ ಹತ್ತೂವರೆಗೆ ಕಾಫಿ, ಜೊತೆಗೆ ಬಿಸ್ಕತ್ತು. ತಗಡಿನ ಡಬ್ಬಿ ತೆರೆದು ನಿಮ್ಮ ಮುಂದೆ ಹಿಡಿಯುತ್ತಾರೆ, ನೀವು ಒಂದು ತೆಗೆದುಕೊಳ್ಳುತ್ತೀರಿ, ಟಪ್ ಎಂದು ಮುಚ್ಚಳ ಬೀಳುತ್ತದೆ. ನಮ್ಮ ಕಡೆ ತಟ್ಟೆಯಲ್ಲಿ ಖಾಲಿಯಾಗುವ ಮೊದಲೇ ಇನ್ನೆರಡು ವಡೆ ಬಂದು ಬೀಳುತ್ತವೆ. ಮೊದಲ ದಿನ ಇದೆಂಥ ಜಿಪುಣತನ ಎಂದುಕೊಂಡೆ. ಆಮೇಲೆ ತಿಳಿಯಿತು, ಅವರೂ ಒಂದೇ ತಿನ್ನುತ್ತಾರೆ. ಅದು ಜಿಪುಣತನವಲ್ಲ, ಪದ್ಧತಿ. ಆದರೂ ನಾನು ಸುಮ್ಮನಿರುವವಳೇ? ದಿನಾ ಕಳೆ ಕಿತ್ತು ಬಂದು ಡಬ್ಬಿಯ ಕಡೆಗೇ ನೋಡುತ್ತಾ ಕೂತೆ. ಏಪ್ರಿಲ್ ಹೊತ್ತಿಗೆ ಟ್ರೂಸಮ್ಮ ಮುಚ್ಚಳ ಮುಚ್ಚುವುದನ್ನು ಬಿಟ್ಟರು. ತೆರೆದ ಡಬ್ಬಿ ಮೇಜಿನ ಮೇಲೆ ನನ್ನ ಕಡೆ ತಿರುಗಿ ಕೂತಿರುತ್ತಿತ್ತು. ಇಡೀ ಸೆಮಿಸ್ಟರಿನಲ್ಲಿ ನನಗೆ ಬಂದ ಅಂಕಗಳಿಗಿಂತ ಇದು ದೊಡ್ಡದು.

ಆವತ್ತು ಬೆಳಗ್ಗೆ ಟ್ರೂಸಮ್ಮ ಡಬ್ಬಿ ಹಿಡಿದರು. ಒಂದು ತೆಗೆದುಕೊಂಡೆ. ಟಪ್.

"ಮಳೆ ಬರಬಹುದು" ಎಂದರು.

"ಹೌದು" ಎಂದೆ.

ಅಷ್ಟೇ. ಮರುದಿನವೂ ಅಷ್ಟೇ, ಅದರ ಮರುದಿನವೂ. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಪುಕ್ಕಟೆ ಕೆಲಸದವಳು ಕೈತಪ್ಪಿದಳೆಂದು ಬೇಜಾರಿರಬೇಕು, ಇರಲಿ ಬಿಡು ಎಂದುಕೊಂಡೆ. ಆದರೆ ಆ ಮುಚ್ಚಳದ ಸದ್ದು ಕೋಣೆಯವರೆಗೂ ನನ್ನ ಹಿಂದೆ ಬರುತ್ತಿತ್ತು.

ಇನ್ನು ಹನ್ನೊಂದು ದಿನ

ಶಿವು ಬಂದ. ಅವನೂ ನನ್ನ ಹಾಗೆ ಒಂದು ಸೆಮಿಸ್ಟರಿಗೆ ಬಂದವನು, ಮಂಡ್ಯದ ಹತ್ತಿರದ ದುದ್ದದವನು. ವಿದ್ಯಾರ್ಥಿಗಳ ವಸತಿಯಲ್ಲಿ ನಾಲ್ಕು ಜನ ಡಚ್ ಹುಡುಗರ ಜೊತೆ ಇದ್ದ. ಅವನ ಹತ್ತಿರ ಸೂಟ್‌ಕೇಸು ತೂಗುವ ಕೊಕ್ಕೆ ಇತ್ತು. ಅದನ್ನು ಕೊಟ್ಟು ಹೋಗಲು ಬಂದವನು ಟಾಯ್ಲೆಟ್ಟಿಗೆ ಹೋಗಿ, ಅಲ್ಲಿನ ಕ್ಯಾಲೆಂಡರಿನ ಪುಟಗಳನ್ನೂ ಮಗುಚಿ ನೋಡಿ ಬಂದ. ಟ್ರೂಸಮ್ಮ ಪೇಟೆಗೆ ಹೋಗಿದ್ದರು.

"ಲೇ ಸವಿತಾ, ನಿನ್ನೆಸ್ರ ಮೇಲೆ ಯಾರಮ್ಮಿ ಗೀಟಾಕಿರದು?"

"ನಾನೇ ಕಣ್ಲಾ."

"ನಿಂಗೇನ್ ತಲೆ ನೆಟ್ಟಗದಾ?"

"ಅಲ್ಲ ಕಣ್ಲಾ, ನಾನು ಕಕ್ಕಸು ತೊಳ್ಯಲ್ಲ ಅಂತ ಮೊದ್ಲೇ ಮಾತಾಡಿದ್ದೆ. ಓಗೋ ಟೈಮ್ನಲ್ಲಿ ಡ್ಯೂಟಿ ಬರ್ದವ್ರೆ!"

ಶಿವು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಥೂ ನಿನ್ನ! ಅದು ಉಟ್ಟಿದಬ್ಬದ ಕ್ಯಾಲೆಂಡ್ರು ಕಣಮ್ಮಿ! ಇಲ್ಲಿ ಎಲ್ರ ಮನೇಲೂ ಅಲ್ಲೇ ನೇತಾಕ್ತಾರೆ. ನಮ್ಮ ರೂಮಲ್ಲೂ ಅದೆ. ನಮ್ಮುಡುಗ್ರು ನನ್ನೆಸ್ರೂ ಬರ್ದವ್ರೆ. ಬೇಕಾದವ್ರೆಸ್ರು ಮಾತ್ರ ಬರಿಯದು."

"ಮತ್ತೆ ಫೋನು?"

"ವಿಷ್ ಮಾಡಕ್ಕೆ."

"ಹಾಡು?"

"ಅದೇ ಕಣಮ್ಮಿ, ಉಟ್ಟಿದಬ್ಬದ ಆಡು!" ಎಂದು ನಕ್ಕವನು ನನ್ನ ಮುಖ ನೋಡಿ ನಿಲ್ಲಿಸಿದ. "ಅಳ್ಬೇಡ ಬುಡು. ಒಂದ್ ಸಾರಿ ಕೇಳು, ಆಯ್ತದೆ."

ಅವನು ಹೋದ ಮೇಲೆ ಒಳಗೆ ಹೋಗಿ ಹನ್ನೆರಡು ಪುಟವನ್ನೂ ಮಗುಚಿ ನೋಡಿದೆ. ಲೇನಾ ಎಂಬುದು ಟ್ರೂಸಮ್ಮನ ಅಕ್ಕನ ಹೆಸರು. ಹಜಾರದ ಫೋಟೋದಲ್ಲಿದ್ದಾರೆ, ತೀರಿಕೊಂಡು ಬಹಳ ವರ್ಷವಾಗಿದೆ ಎಂದು ಯಾವಾಗಲೋ ಹೇಳಿದ್ದರು. ಹೆಸರನ್ನು ಮಾತ್ರ ನನ್ನ ಕಿವಿ ಹಿಡಿದಿಟ್ಟಿರಲಿಲ್ಲ. ಫೋಟೋದ ಕೆಳಗೆ ಬರೆದದ್ದನ್ನು ಈಗ ಓದಿದೆ. ಆ ಎರಡನೇ ಬಟ್ಟಲು ಕಾಫಿ ಯಾರದ್ದು ಎಂದು ಆಗ ಗೊತ್ತಾಯಿತು. ಇಡೀ ಕ್ಯಾಲೆಂಡರಿನಲ್ಲಿ ಟ್ರೂಸಮ್ಮ ಸತ್ತವರ ಹೆಸರನ್ನೂ ಹೊಡೆದುಹಾಕಿರಲಿಲ್ಲ. ಗೀಟು ಬಿದ್ದಿದ್ದ ಹೆಸರು ಒಂದೇ. ಎಳೆದವಳು ನಾನು.

ಸಂಜೆ ಅವ್ವನಿಗೆ ಫೋನು ಮಾಡಿದೆ. ಅವ್ವ ಮಳವಳ್ಳಿಯ ತವರಿಗೆ ಹೋಗಿದ್ದಳು. ನಡೆದದ್ದನ್ನೆಲ್ಲ ಕೇಳಿದವಳು ಬೇರೆಯದೇ ಕಡೆ ಹಿಡಿದಳು.

"ಅಲ್ಲ ಕಣಮ್ಮಿ, ಎಣ್ಮಗಳ ಎಸ್ರ ಕಕ್ಕಸ್ನಲ್ಲಿ ಬರ್ದವ್ರಾ? ಆಯಮ್ಮನ ಮನೇಲಿ ಬೇರೆ ಗೋಡೆನೇ ಇರ್ನಿಲ್ವಾ?"

"ಅವ್ವಾ, ಇಲ್ಲಿ ಅಂಗೇ ಪದ್ಧತಿ. ಅದಿರ್ಲಿ, ನಮ್ಮನೇಲಿ ಯಾಕೆ ಒಂದ್ಸಾರಿನೂ ನನ್ನ ಉಟ್ಟಿದಬ್ಬ ಮಾಡ್ನಿಲ್ಲ?"

"ಯಾವಾಗ ಅಂತ ಮಾಡಾದು? ಆಗಸ್ಟು ಅಂತ ಬರ್ದಿರದು ಮೇಷ್ಟ್ರು. ಇಸ್ಕೂಲ್ಗೆ ಸೇರ್ಸಕ್ಕೋದಾಗ ವಯಸ್ಸು ಸಾಲ್ದು ಅಂತ ಅವ್ರೇ ಒಂದ್ ತಾರೀಕು ಆಕಂಡ್ರು. ನೀನುಟ್ಟಿದ್ದು ಭತ್ತ ಕುಯ್ಯೋ ಕಾಲ್ದಲ್ಲಿ. ಕಣದಲ್ಲಿ ಒಕ್ಕಣೆ ನಡೀತಿತ್ತು, ನಂಗೆ ನೋವು ಬಂತು. ತಾರೀಕೆಲ್ಲಾ ಯಾರ್ ನೋಡ್ದೋರು?"

ಆಮೇಲೆ ಅವ್ವನೇ ಅಂದಳು: "ಎಲ್ಲೇ ಬರ್ದಿರ್ಲಿ, ಬರ್ದವ್ರಲ್ಲ ಆಯಮ್ಮ. ಓಗಿ ಕಾಲ್ಗೆ ಬೀಳು."

ಇನ್ನು ಏಳು ದಿನ

ಕಾಲಿಗೆ ಬೀಳಬೇಕಾದರೂ ಆ ದೇಶದಲ್ಲಿ ಮೊದಲೇ ಹೇಳಿ ಸಮಯ ತೆಗೆದುಕೊಳ್ಳಬೇಕು. ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕು ಎಂದರೆ ಟ್ರೂಸಮ್ಮ ಡೈರಿ ತೆಗೆದರು. ಒಂದೇ ಮನೆ, ಒಂದೇ ಅಡುಗೆಮನೆ! "ಗುರುವಾರ ಮೂರು ಗಂಟೆಗೆ ಆಗುತ್ತದೆ" ಎಂದು ಬರೆದುಕೊಂಡರು. ಮುಂದೆ ಹೋಗುವವರಿಗೆ ಇದೂ ಒಂದು ಸಲಹೆ: ತಪ್ಪು ಮಾಡುವುದಿದ್ದರೆ ಸೆಮಿಸ್ಟರಿನ ಮೊದಲಲ್ಲೇ ಮಾಡಿ. ಕೊನೆಯಲ್ಲಿ ಮಾಡಿದರೆ ಡೈರಿಯಲ್ಲಿ ಜಾಗ ಇರುವುದಿಲ್ಲ.

ಗುರುವಾರ ಬೆಳಗ್ಗೆ ಸೂಪರ್ ಮಾರ್ಕೆಟ್ಟಿಗೆ ಹೋಗಿ ಒಂದು ಎಳನೀರು ತಂದೆ. ಸಿಪ್ಪೆ ಸುಲಿದು, ತಲೆ ಚೂಪು ಮಾಡಿ, ಪ್ಲಾಸ್ಟಿಕ್ ಸುತ್ತಿ, ಆಸ್ಪತ್ರೆಯ ಮಗುವಿನ ಹಾಗೆ ಮಲಗಿಸಿದ್ದರು. ಮದ್ದೂರಿನಲ್ಲಿ ಇಂಥ ಕಾಯಿಯನ್ನು ನಾನು ಕಾಲಲ್ಲೂ ಮುಟ್ಟುವುದಿಲ್ಲ. ಅಲ್ಲಿ ಮಾತ್ರ, ಬರೆದ ಬೆಲೆಯನ್ನು ನೋಡಿ ಕಣ್ಣು ಮುಚ್ಚಿಕೊಂಡು ಕೊಟ್ಟೆ.

ಮೂರು ಗಂಟೆಗೆ ಟ್ರೂಸಮ್ಮ ಹಿತ್ತಲಿನ ಬೆಂಚಿನ ಮೇಲೆ ಕೂತಿದ್ದರು. ಕೈ ಮಡಿಲಲ್ಲಿ. ಮಾತು ಹೇಗೆ ಶುರು ಮಾಡುವುದೋ ತಿಳಿಯಲಿಲ್ಲ. ಕೈಗೆ ಗೊತ್ತಿದ್ದ ಕೆಲಸ ಮೊದಲು ಮಾಡೋಣ ಎಂದು ಸೌದೆ ಒಡೆಯುವ ಸಣ್ಣ ಕೊಡಲಿಯನ್ನು ತೊಳೆದು ತಂದೆ. ಕಾಯಿಯನ್ನು ಎಡಗೈಯಲ್ಲಿ ಹಿಡಿದು, ತಿರುಗಿಸುತ್ತಾ, ಮೂರೇ ಏಟು. ತಲೆ ಹಾರಿತು. ಒಂದು ತೊಟ್ಟು ನೀರು ಚೆಲ್ಲಲಿಲ್ಲ.

"ದೇವರೇ!" ಎಂದರು ಟ್ರೂಸಮ್ಮ. "ಇಂಥವಳ ಜೊತೆ ನಾನು ಐದು ತಿಂಗಳು ಒಂದೇ ಮನೆಯಲ್ಲಿ ಮಲಗಿದ್ದೆನಾ?"

ಕಾಯಿ ಅವರ ಕೈಗೆ ಕೊಟ್ಟು, ಎಲ್ಲ ಹೇಳಿಬಿಟ್ಟೆ. ಹಾಸ್ಟೆಲಿನ ಪಟ್ಟಿ, ಸರದಿ, ಫೋನು, ಹಾಡು, ಲೇನಾಳ ಮೇಲೆ ನಾನು ಪಟ್ಟ ಸಿಟ್ಟು. ಲೇನಾಳ ಹೆಸರು ಬಂದಾಗ ಅವರು ಎಳನೀರು ಕೆಳಗಿಟ್ಟರು. ಗದರುತ್ತಾರೆ ಅಂದುಕೊಂಡೆ. ಅವರ ಭುಜ ಅಲುಗತೊಡಗಿತು. ನಗು! ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

"ಲೇನಾ! ನನ್ನ ಟಾಯ್ಲೆಟ್ ತೊಳೆಯಲು! ಅವಳು ಜೀವಮಾನದಲ್ಲಿ ಒಂದು ಲೋಟ ತೊಳೆದವಳಲ್ಲ."

ಆಮೇಲೆ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದರು: "ನನಗೆ ಏನನ್ನಿಸಿತು ಗೊತ್ತೇ? ಈ ಹುಡುಗಿಗೆ ನನ್ನ ನೆನಪಿನಲ್ಲಿ ಇರುವುದೂ ಬೇಡವಾಗಿದೆ, ಬಾಡಿಗೆ ಮುಗಿದ ಹಾಗೆ ಇದನ್ನೂ ಮುಗಿಸಿ ಹೋಗುತ್ತಿದ್ದಾಳೆ, ಅಂತ. ಯಾಕೆ ಎಂದು ಕೇಳಲು ನನಗೇನು ಹಕ್ಕು?"

ಮಾತು ಬದಲಿಸಲು, ಅಲ್ಲ ಟ್ರೂಸಮ್ಮ, ಅಷ್ಟು ಬೇಕಾದವರ ಹೆಸರನ್ನು ಟಾಯ್ಲೆಟ್ಟಿನಲ್ಲಿ ಯಾಕೆ ಹಾಕುತ್ತೀರಿ ಎಂದು ಕೇಳಿದೆ.

"ದಿನಕ್ಕೆ ಐದಾರು ಸಲ ಸುಮ್ಮನೆ ಕೂತು ಗೋಡೆ ನೋಡುವ ಜಾಗ ಮನೆಯಲ್ಲಿ ಬೇರೆ ಯಾವುದಿದೆ? ಹಜಾರದಲ್ಲಿ ಹಾಕಿದರೆ ಅಂದ ನೋಡುತ್ತೇವೆ. ಅಲ್ಲಿದ್ದರೆ ಹೆಸರು ಓದುತ್ತೇವೆ."

ವ್ಯವಹಾರ ಬಲ್ಲವಳಾಗಿ ಹೇಳುತ್ತೇನೆ, ಇದು ಸರಿಯಾದ ಲೆಕ್ಕ.

ಇನ್ನೊಂದು ಸತ್ಯವನ್ನೂ ಹೇಳಿಬಿಡುವುದು ಒಳ್ಳೆಯದೆಂದು, ಆಗಸ್ಟ್ ಹನ್ನೊಂದು ನನ್ನ ನಿಜವಾದ ಹುಟ್ಟುಹಬ್ಬವಲ್ಲ ಎಂದೆ. ಪಾಸ್‌ಪೋರ್ಟು ನೋಡಿ ಬರೆದುಕೊಂಡಿದ್ದರಂತೆ. ಮೇಷ್ಟ್ರ ಕಥೆ, ಭತ್ತದ ಕಣದ ಕಥೆ ಹೇಳಿದೆ. ಕುಯ್ಲು ಅಂದರೆ ನವೆಂಬರ್, ಡಿಸೆಂಬರ್ ಇರಬಹುದು, ಬೇಕಾದರೆ ಅಲ್ಲೆಲ್ಲಾದರೂ ಬರೆಯಿರಿ ಎಂದೆ.

ಟ್ರೂಸಮ್ಮ ತಲೆ ಅಲ್ಲಾಡಿಸಿದರು. ಮದ್ದೂರಿನಿಂದ ನಾನು ಅಲ್ಲಾಡಿಸಿದ್ದೆನಲ್ಲ, ಥೇಟ್ ಹಾಗೇ.

"ನವೆಂಬರಿನಲ್ಲಿ ನನಗೆ ಏಳು ಜನ ಇದ್ದಾರೆ. ಡಿಸೆಂಬರಿನಲ್ಲಿ ಮನೆ ತುಂಬ ಜನ. ಆಗಸ್ಟಿನಲ್ಲಿ ಎಲ್ಲರೂ ರಜೆಗೆ ಹೋಗುತ್ತಾರೆ. ಈ ಬೀದಿಯೇ ಖಾಲಿ. ತಿಂಗಳು ಪೂರ್ತಿ ಫೋನು ಮಾಡಲು ಒಬ್ಬರೂ ಇಲ್ಲ. ನನಗೆ ಆಗಸ್ಟೇ ಬೇಕು."

ಎಷ್ಟೋ ವರ್ಷಗಳಿಂದ ದಿನಾ ವ್ಯಾಪಾರ ಮಾಡಿದವಳು ನಾನು. ಎದುರಿನವರು ಹೇಳಿದ್ದಕ್ಕೆ ಒಮ್ಮೆಗೇ ಹೂಂ ಅಂದದ್ದು ಅದೇ ಮೊದಲು.

ಹೊರಡುವ ದಿನ

ಸೂಟ್‌ಕೇಸು ಎರಡು ಕಿಲೋ ಹೆಚ್ಚಾಗಿತ್ತು. ಸ್ವೆಟರು ತೆಗೆದೆ, ಚೀಸು ಉಳಿಸಿದೆ. ನಾನು ಓಡಿಸುತ್ತಿದ್ದ ಹಳೇ ಸೈಕಲ್ಲನ್ನು ಮುಂದಿನ ಸೆಮಿಸ್ಟರಿನವಳಿಗೆ ಎಂದು ಹಿತ್ತಲಲ್ಲೇ ಬಿಟ್ಟೆ. ಕೊನೆಯ ಕಾಫಿಗೆ ಡಬ್ಬಿ ತೆರೆದೇ ಇತ್ತು. ನಾನೇ ಒಂದು ತೆಗೆದುಕೊಂಡು ಮುಚ್ಚಳ ಮುಚ್ಚಿದೆ. ಟ್ರೂಸಮ್ಮ ಮತ್ತೆ ತೆರೆದು ನನ್ನ ಕಡೆ ತಳ್ಳಿದರು.

ಆಮೇಲೆ ಪೆನ್ನು ಕೊಟ್ಟರು. "ನಿನ್ನ ಲಿಪಿಯಲ್ಲಿ ಬರೆ."

ಟಾಯ್ಲೆಟ್ಟಿನ ಬಾಗಿಲು ತೆರೆದಿಟ್ಟು, ಅವರು ಹೊರಗೆ ನಿಂತು ನೋಡುತ್ತಿರಲು, ಬಕದ ಚಿತ್ರದ ಕೆಳಗೆ, ಗೀಟು ಬಿದ್ದ ಹೆಸರಿನ ಪಕ್ಕದಲ್ಲಿ ಕನ್ನಡದಲ್ಲಿ 'ಸವಿತಾ' ಎಂದು ಬರೆದೆ. ಗೀಟನ್ನು ಬಿಳಿ ಬಣ್ಣ ಹಚ್ಚಿ ಅಳಿಸೋಣವೇ ಎಂದೆ. ಬೇಡ, ಅದನ್ನು ನೋಡಿದಾಗೆಲ್ಲ ನನಗೆ ನಗು ಬರುತ್ತದೆ, ಇರಲಿ ಎಂದರು. ಬಾಗಿಲಲ್ಲಿ ಅವ್ವ ಹೇಳಿದ್ದನ್ನೂ ಮಾಡಿದೆ. ಕಾಲಿಗೆ ಬಗ್ಗಿದಾಗ ಏನೋ ಬೀಳಿಸಿಕೊಂಡೆ ಎಂದು ತಿಳಿದು ಅವರೂ ನನ್ನ ಜೊತೆ ಬಗ್ಗಿ ಹುಡುಕಿದರು.

ಮದ್ದೂರು, ಆಗಸ್ಟ್

ಬೆಳಗ್ಗೆ ಹನ್ನೊಂದೂವರೆ ಇರಬಹುದು. ಮಾರುಕಟ್ಟೆಯಲ್ಲಿ ಲಾರಿಯ ಪಕ್ಕ ನಿಂತು ಒಬ್ಬ ವ್ಯಾಪಾರಿಯ ಜೊತೆ ಹಗ್ಗಜಗ್ಗಾಟ ನಡೆದಿತ್ತು. ಅವನು ಮುದ್ದೇಗೌಡ, ನನಗಿಂತ ಗಟ್ಟಿ ಆಸಾಮಿ.

"ಲಾಸ್ಟ್ ಏಳ್ಬುಟ್ಟೆ ಕಣಮ್ಮ, ಇನ್ ಮಾತಿಲ್ಲ."

ಆಗ ಫೋನು ಹೊಡೆದುಕೊಂಡಿತು. ಕಿವಿಗಿಟ್ಟೆ. 'ಹಲೋ' ಇಲ್ಲ, ಏನಿಲ್ಲ. ಒಡೆದ ದನಿಯಲ್ಲಿ, ತಾಳವಿಲ್ಲದೆ, ಆ ಹಾಡು. ಐದು ತಿಂಗಳು ಗೋಡೆಯಾಚೆಯಿಂದ ಬೇರೆಯವರಿಗಾಗಿ ಹಾಡುತ್ತಿದ್ದಾಗ ಕೇಳಿದ ಹಾಡು. ಅರ್ಥ ತಿಳಿಯದಿದ್ದರೂ ಕೊನೆಯ ಸಾಲು ಬರುವುದು ನನಗೆ ಮೊದಲೇ ಗೊತ್ತಾಯಿತು.

"ಯಾರಮ್ಮ ಅದು, ಇಂಗ್ ಕಿರುಚ್ತಾವ್ರೆ?" ಎಂದ ಮುದ್ದೇಗೌಡ.

ಸುಮ್ಮನಿರು ಎಂದು ಕೈಸನ್ನೆ ಮಾಡಿದೆ. ಹಾಡು ಮುಗಿಯಿತು. ಆ ಕಡೆ ಟ್ರೂಸಮ್ಮ ಉಸಿರು ಎಳೆದುಕೊಂಡರು. ಆಮೇಲೆ ಗಂಭೀರವಾಗಿ ಹೇಳಿದರು:

"ಸವಿತಾ, ಇವತ್ತು ನಿನ್ನ ಸರದಿ. ಬೆಳಗ್ಗೆಯಿಂದ ಕಾಯುತ್ತಿದ್ದೇನೆ. ಯಾಕೆ ಇನ್ನೂ ಬಂದಿಲ್ಲ?"

ಇಂಗ್ಲಿಷು ಬಾಯಿಗೆ ಬರಲಿಲ್ಲ.

"ಬತ್ತೀನಿ ಕಣಮ್ಮ" ಎಂದೆ.